ಆರದ ಹಾಗೆ ಊದುವುದು

ಲೋಶಿನ್ ದ್ವೀಪ, ಕ್ರೊಯೇಷಿಯಾ
8 ಫೆಬ್ರವರಿ 1998, ಭಾನುವಾರ

ಪ್ರೀತಿಯ ಅಕ್ಕಾ,

ಬಂದು ಮುಟ್ಟಿದೆವು! ಎರಡು ವಿಮಾನ, ಒಂದು ಬಸ್ಸು, ಒಂದು ದೋಣಿ, ಮತ್ತೆ ಒಂದು ಬಸ್ಸು. ದೋಣಿಯಲ್ಲಿ ಇದ್ದದ್ದು ನಾವಿಬ್ಬರು, ಒಂದು ಲಾರಿ ಮತ್ತು ಅದರ ಡ್ರೈವರ್. ಹನಿಮೂನ್ ಎಂದರೆ ಹೀಗಿರಬೇಕು, ಇಡೀ ಸಮುದ್ರ ನಮ್ಮಿಬ್ಬರಿಗೇ! ಲಾರಿಯವನಿಗೂ ಸ್ವಲ್ಪ ಇರಲಿ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಕನ್ನಡ ನೋಡಿ ನಗಬೇಡ. ನೀನು ಕನ್ನಡ ಶಾಲೆಯವಳು, ನಾನು ಕಾನ್ವೆಂಟಿನವಳು. ತುಳುವಿನಲ್ಲಿ ಕಾಗದ ಬರೆಯುವ ಹಾಗಿದ್ದರೆ ಇಪ್ಪತ್ತು ಪುಟ ಬರೆಯುತ್ತಿದ್ದೆ. ಇನ್ನೊಂದು, ಅಮ್ಮನ ಹಾಗೆ ‘ಇವರು, ಇವರು’ ಎಂದು ಬರೆಯಲು ಹೊರಟರೆ ನಗು ಬರುತ್ತದೆ. ಲತೇಶ್ ಎಂದೇ ಬರೆಯುತ್ತೇನೆ. ಮದುವೆಯಾಗಿ ಎಂಟು ವಾರವಾದರೂ ಆ ಹೆಸರು ಬರೆಯುವಾಗ ಕಿವಿ ಬಿಸಿಯಾಗುತ್ತದೆ. ಯಾರಿಗೂ ಹೇಳಬೇಡ!

ಇಲ್ಲಿ ಎಲ್ಲವೂ ಬಂದ್. ಐಸ್‌ಕ್ರೀಮ್ ಅಂಗಡಿ ಬಂದ್, ದೊಡ್ಡ ಹೋಟೆಲು ಬಂದ್, ಬೀಚಿನ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಸರಪಳಿ ಹಾಕಿದ್ದಾರೆ. ನಾನು ತಂದ ಸ್ವಿಮ್ಮಿಂಗ್ ಕಾಸ್ಟ್ಯೂಮ್ ಪೆಟ್ಟಿಗೆಯಲ್ಲಿಯೇ ಚಳಿಗೆ ನಡುಗುತ್ತಿದೆ. ಜನ ಬೇಸಿಗೆಯಲ್ಲಿ ಮಾತ್ರ ಬರುವುದಂತೆ. “ಮತ್ತೆ ನಾವು ಫೆಬ್ರವರಿಯಲ್ಲಿ ಯಾಕೆ ಬಂದದ್ದು?” ಎಂದು ಕೇಳಿದೆ. “ನಿನ್ನೊಟ್ಟಿಗೆ ಒಬ್ಬನೇ ಇರ್ಲಿಕ್ಕೆ ಮಾರಾಯ್ತಿ” ಎಂದರು. ಅಕ್ಕಾ, ಇದರ ಮೇಲೆ ನಾನು ಏನು ಕೇಳಲಿ? ಬಹರೈನಿನಲ್ಲಿ ಅಸ್ಕರ್ ಕಡೆಯ ಆ ಫೌಂಡ್ರಿಯಲ್ಲಿ ವರ್ಷವಿಡೀ ಫರ್ನೇಸಿನ ಎದುರು ಬೇಯುವವರಿಗೆ ತಂಪು ಬೇಕಾಗುತ್ತದೆ, ಪಾಪ.

ನಾವಿರುವುದು ನೆಲ್ಲಿ ಆಂಟಿಯ ಮನೆಯಲ್ಲಿ. ಮೊದಲು ಫೌಂಡ್ರಿಯಲ್ಲಿದ್ದ ಎಂಜಿನಿಯರ್ ಸ್ಟೀಫನ್‌ನ ಚಿಕ್ಕಮ್ಮ. ಪೈನ್ ಮರಗಳ ಮಧ್ಯೆ ಮನೆ, ಎಂಟು ಕೋಣೆ. ನಮ್ಮನ್ನು ಬಿಟ್ಟರೆ ಉಳಿದವರೆಲ್ಲ ಅಜ್ಜಂದಿರು. ಬೆಳಿಗ್ಗೆ ತಿಂಡಿಗೆ ಕೂತರೆ ಒಬ್ಬರ ನಂತರ ಒಬ್ಬರು ಕೆಮ್ಮುತ್ತಾರೆ, ಬ್ಯಾಂಡ್ ಸೆಟ್ಟಿನ ಹಾಗೆ. ಒಬ್ಬ ಅಜ್ಜ ಇಂಗ್ಲಿಷಿನಲ್ಲಿ ಕೇಳಿದರು, ನಿನ್ನ ಗಂಡನಿಗೆ ಇದು ಎಷ್ಟನೆಯ ಚಳಿಗಾಲ ಎಂದು. ಮೊದಲನೆಯದು ಎಂದೆ. ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. ಎಷ್ಟು ಒಳ್ಳೆಯವರು! ಊಟಕ್ಕೆ ಏನು ಗೊತ್ತುಂಟಾ? ಬೂತಾಯಿ! ನಮ್ಮದೇ ಬೂತಾಯಿ ಮೀನು, ಆಲಿವ್ ಎಣ್ಣೆಯಲ್ಲಿ ಕಾಯಿಸಿದ್ದು. ಖಾರ ಮಾತ್ರ ಇಲ್ಲ. ನೀನು ಕಟ್ಟಿಕೊಟ್ಟ ಒಣಸಿಗಡಿ ಚಟ್ನಿ ನನ್ನ ಪ್ರಾಣ ಉಳಿಸಿತು.

ಮುಖ್ಯ ವಿಷಯ ಈಗ. ಇಲ್ಲಿ ಹೊಸ ಮದುಮಗನಿಗೆ ಒಂದು ಕ್ರಮ ಇದೆ. ನೆಲ್ಲಿ ಆಂಟಿ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ ಲತೇಶ್‌ರನ್ನು ಒಂದು ಗೇಣು ದೂರದಲ್ಲಿ ಕೂರಿಸುತ್ತಾರೆ. ತುಟಿ ಸಣ್ಣ ಮಾಡಿ ಊದಬೇಕು. ಜ್ವಾಲೆ ಬಾಗಬೇಕು, ಆದರೆ ಆರಬಾರದು. ಉಸಿರು ಮುಗಿಯುವ ತನಕ ಬಾಗಿಯೇ ಇರಬೇಕು. “ಎಂಥದು ಇದು?” ಎಂದೆ. “ಇಲ್ಲಿಯ ಕ್ರಮ. ಬತ್ತಿ ಆರಿದ್ರೆ ಹೆಂಡ್ತಿಯೊಟ್ಟಿಗೆ ಜಗಳ ಆಗ್ತದಂತೆ” ಎಂದರು. ನಾನೂ ಊದಿದೆ, ನಾಲ್ಕು ಸಲವೂ ಫುಸ್! ಇದನ್ನು ಕಲಿಯಲು ಎರಡು ಮೂರು ವಾರ ಬೇಕೆಂದು ನೆಲ್ಲಿ ಆಂಟಿ ಬೆರಳು ಎಣಿಸಿ ತೋರಿಸಿದರು. ಲತೇಶ್ ಮೊದಲನೆಯ ದಿನವೇ ಆರದ ಹಾಗೆ ಊದಿದರು! ನನಗೆ ಹೆಮ್ಮೆಯೋ ಹೆಮ್ಮೆ.

ಭಾವನಿಗೆ ನಮಸ್ಕಾರ. ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲಾಟಿನ ತುಳಸಿಗೆ ನೀರು ಹಾಕಲು ಮರೆಯಬೇಡ.

ನಿನ್ನ ಹುಚ್ಚಿ ತಂಗಿ,
ವಿನಿತಾ

*

ಗುಫೂಲ್, ಬಹರೈನ್
14 ಫೆಬ್ರವರಿ 1998

ಪ್ರೀತಿಯ ವಿನ್ನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರ ಸಿಕ್ಕಿತು. ಕಾಗದಗಳೆಲ್ಲ ಕಂಪನಿಯ ಪೋಸ್ಟ್ ಬಾಕ್ಸಿಗೇ ಬರುವುದರಿಂದ ಭಾವ ಕೆಲಸ ಮುಗಿಸಿ ಬರುವಾಗ ತಂದರು. ಓದಿ ತುಂಬಾ ನಕ್ಕೆವು. ಕೆಮ್ಮುವ ಬ್ಯಾಂಡ್ ಸೆಟ್ಟಿಗಂತೂ ಪಕ್ಕದ ಮನೆಯ ಪೌಲಿನ್ ಬಾಯಿಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಿನ್ನ ಕನ್ನಡದಲ್ಲಿ ಏನೂ ತಪ್ಪಿಲ್ಲ. ಅಲ್ಲಿ ಚಳಿ ಹೇಗಿದೆ? ಲತೇಶ್ ಸರಿಯಾಗಿ ನಿದ್ದೆ ಮಾಡುತ್ತಾರಾ? ಎರಡು ದಿಂಬು ಕೊಡು. ತಣ್ಣಗಿನದ್ದು ಕುಡಿಯಲು ಬಿಡಬೇಡ. ಗಾಳಿಗೆ ಹೆಚ್ಚು ಅಲೆಯುವುದು ಬೇಡ.

ಮತ್ತೊಂದು ಮಾತು. ಆ ಮೇಣದಬತ್ತಿಯ ಕ್ರಮದ ವಿಷಯ ಇನ್ನು ಮುಂದೆ ಬರೆಯಬೇಡ. ನಾನಲ್ಲ, ಭಾವ ಹೇಳಿದ್ದು. ಗಂಡ ಹೆಂಡತಿಯ ಆಟಗಳೆಲ್ಲ ಕಾಗದದಲ್ಲಿ ಯಾಕೆ ಎಂದರು. ನಿನ್ನೆಯಿಂದ ಅವರಿಗೆ ಏನೋ ತಲೆನೋವು, ಹೆಚ್ಚು ಮಾತಿಲ್ಲ.

ತುಳಸಿಗೆ ದಿನವೂ ನೀರು ಹಾಕುತ್ತಿದ್ದೇನೆ. ನೀವು ಮಾರ್ಚ್ ಹದಿನೈದಕ್ಕೆ ಬಂದ ಮೇಲೆ ಇಬ್ಬರೂ ಒಂದು ವಾರ ನಮ್ಮಲ್ಲೇ ಊಟ ಮಾಡಿ.

ಇತಿ,
ಜಯಶೀಲಾ

*

ಲೋಶಿನ್
16 ಫೆಬ್ರವರಿ 1998

ಅಕ್ಕಾ,

ನಿನ್ನ ಕಾಗದ ಇನ್ನೂ ಬಂದಿಲ್ಲ, ಆದರೂ ಬರೆಯುತ್ತೇನೆ. ಮಾತಾಡಲು ಇಲ್ಲಿ ಯಾರಿದ್ದಾರೆ? ಲತೇಶ್ ಬೆಳಿಗ್ಗೆ ತಿಂಡಿಯಾದ ಮೇಲೆ ಎರಡು ಗಂಟೆ ಕಾಡಿನ ದಾರಿಯಲ್ಲಿ ಒಬ್ಬರೇ ನಡೆದುಬರುತ್ತಾರೆ. ನೀನು ಮಲಗು, ನಿನ್ನ ಚಪ್ಪಲಿಗೆ ಆ ದಾರಿ ಆಗುವುದಿಲ್ಲ ಎನ್ನುತ್ತಾರೆ. ನಾನು ಅಡುಗೆಮನೆಯಲ್ಲಿ ನೆಲ್ಲಿ ಆಂಟಿಗೆ ಬೂತಾಯಿ ಪುಳಿಮುಂಚಿ ಕಲಿಸಿದೆ. ತಿಂದು ಅವರ ಮೂಗು ಕೆಂಪಾಯಿತು, ಮತ್ತೆ ಬೇಕೆಂದು ತಟ್ಟೆ ಮುಂದೆ ಮಾಡಿದರು!

ಶನಿವಾರ ಗುಡ್ಡದ ಮೇಲಿನ ಸಣ್ಣ ಇಗರ್ಜಿಗೆ ಹೊರಟಿದ್ದೆವು. ಮೇಲಿನಿಂದ ಎರಡೂ ಕಡೆಯ ಸಮುದ್ರ ಕಾಣುತ್ತದಂತೆ. ಇಲ್ಲಿ ಒಂದು ಗಾಳಿ ಇದೆ, ಬೂರಾ ಎನ್ನುತ್ತಾರೆ, ಬೆಟ್ಟದ ಕಡೆಯಿಂದ ಬೀಸಿದರೆ ಬಾಗಿಲು ತೆರೆಯಲು ಇಬ್ಬರು ಬೇಕು. ಅದು ಬಂತು. ಹಾಗಾಗಿ ಅರ್ಧದಿಂದ ತಿರುಗಿ ಬಂದೆವು. ಬೇರೇನೂ ಅಲ್ಲ, ಗಾಳಿ ಅಷ್ಟೆ. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆವು. ಎಪ್ಪತ್ತೊಂದು ಮೆಟ್ಟಿಲು ಹತ್ತಿದ್ದೆವು, ನಾನು ಎಣಿಸಿದೆ.

ಅಕ್ಕಾ, ಸುಮ್ಮನೆ ಕೇಳುತ್ತೇನೆ, ಭಾವ ಮೆಟ್ಟಿಲು ಹತ್ತುವಾಗ ಮಾತು ನಿಲ್ಲಿಸುತ್ತಾರಾ? ಫರ್ನೇಸಿನಲ್ಲಿ ಕೆಲಸ ಮಾಡುವ ಗಂಡಸರಿಗೆಲ್ಲ ಹಾಗೆಯೇ ಇರಬಹುದಲ್ಲವಾ?

ಇರಲಿ. ಅಂಜೂರ ಒಣಗಿಸಿದ್ದು ಕಟ್ಟಿಸಿಕೊಂಡಿದ್ದೇನೆ, ನಿನಗೆ ತರುತ್ತೇನೆ.

ವಿನ್ನಿ

*

ಲೋಶಿನ್
22 ಫೆಬ್ರವರಿ 1998

ಅಕ್ಕ,

ನಿನ್ನ ಕಾಗದ ನಿನ್ನೆ ಬಂತು. ಎರಡು ದಿಂಬು ಕೊಡು ಎಂದು ಬರೆದಿದ್ದೀಯ. ಅದನ್ನು ಓದಿದಾಗ ನನಗೆ ನಗು ಬಂದಿತ್ತು. ಇವತ್ತು ಬೆಳಿಗ್ಗೆ ಅದರ ಅರ್ಥ ತಿಳಿಯಿತು.

ಲತೇಶ್ ನಡೆಯಲು ಹೋಗಿದ್ದರು. ದಾರಿಯಲ್ಲಿ ಅವರನ್ನು ಕಂಡ ಒಬ್ಬ ಅಜ್ಜ ಬಂದು ಹೇಳಿದರಂತೆ, ನೆಲ್ಲಿ ಆಂಟಿ ಓಡಿಬಂದು ನನ್ನ ಕೈಯಲ್ಲಿ ಒಂದು ನೀಲಿ ಪಂಪ್ ಇಟ್ಟು, ಬೇಗ, ಬೇಗ ಎಂದರು. ಆಸ್ತಮಾದವರು ಬಾಯಿಗೆ ಹೊಡೆದುಕೊಳ್ಳುತ್ತಾರಲ್ಲ, ಅದು. ಅದನ್ನು ಲತೇಶ್ ಇನ್ನೊಂದು ಕೋಟಿನಲ್ಲಿ ಮರೆತಿದ್ದರು. ನಾನು ಮನೆಯ ಚಪ್ಪಲಿಯಲ್ಲೇ ಓಡಿದೆ. ಕಾಡಿನ ದಾರಿಯ ಮೂರನೆಯ ಬೆಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ತುಟಿ ನೇರಳೆಯಾಗಿತ್ತು. ಎರಡೂ ಕೈ ಮೊಣಕಾಲಿನ ಮೇಲೆ. ಉಸಿರು ಎಳೆಯುವ ಆ ಶಬ್ದವನ್ನು ನಾನು ಬರೆಯುವುದಿಲ್ಲ.

ಪಂಪ್ ಹೊಡೆದು ಹತ್ತು ನಿಮಿಷದ ಮೇಲೆ ಮಾತು ಬಂತು.

“ಎಷ್ಟು ಸಮಯ ಆಯ್ತು?”

“ಮೂರು ವರ್ಷ. ಫರ್ನೇಸಿನ ಹೊಗೆ.”

“ನನ್ನತ್ರ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಮದುವೆ ಆಗ್ತಿದ್ಯಾ?”

ನಾನು ಪಂಪಿಗೆ ಮುಚ್ಚಳ ಹಾಕಿ ಅವರ ಕೋಟಿನ ಜೇಬಿಗಿಟ್ಟೆ.

ಇದು ಹನಿಮೂನ್ ಅಲ್ಲ. ನೂರು ವರ್ಷದಿಂದ ಎದೆಯ ಕಾಯಿಲೆಯವರು ಚಳಿಗಾಲದಲ್ಲಿ ಬಂದು ಗಾಳಿ ಕುಡಿಯುವ ದ್ವೀಪವಂತೆ ಇದು. ಮೇಣದಬತ್ತಿ ಯಾವ ಕ್ರಮವೂ ಅಲ್ಲ, ಉಸಿರಿನ ವ್ಯಾಯಾಮ. ಬಹರೈನಿನಲ್ಲಿಯೇ ಕದ್ದುಮುಚ್ಚಿ ಕಲಿತಿದ್ದರು, ಅದಕ್ಕೇ ಮೊದಲನೆಯ ದಿನವೇ ಬಂದದ್ದು. ನಾನು ಹೆಮ್ಮೆಪಟ್ಟೆ. ಎಂಥ ಪೆದ್ದು ನಾನು.

ಮಾರ್ಚ್ ಹದಿನೆಂಟಕ್ಕೆ ಕಂಪನಿಯ ಮೆಡಿಕಲ್ ಇದೆ. ಮೆಶಿನ್ನಿಗೆ ಊದಬೇಕು. ಉಸಿರು ಸಾಲದಿದ್ದರೆ ಫರ್ನೇಸಿಗೆ ಅನ್‌ಫಿಟ್. ಬೇರೆ ಕೆಲಸ ಕೊಡುತ್ತಾರೆಂಬ ಭರವಸೆ ಇಲ್ಲ. ಕೆಲಸ ಹೋದರೆ ವೀಸಾ, ಫ್ಲಾಟ್, ನಾನು ನಿನ್ನ ಹತ್ತಿರ ಇರುವುದು ಎಲ್ಲ ಹೋಗುತ್ತದೆ. ಐದು ವಾರ ಈ ಗಾಳಿ ಕುಡಿದರೆ ಪಾಸಾಗಬಹುದು ಎಂದು ಬಂದದ್ದಂತೆ.

ಎರಡು ಮಾತು. ಒಂದು, ಈ ವಿಷಯ ಬಹರೈನಿನಲ್ಲಿ ಯಾರಿಗೂ, ಒಬ್ಬರಿಗೂ ಗೊತ್ತಾಗಬಾರದು. ಮುಖ್ಯವಾಗಿ ಫೋರ್ಮನ್ ಮುಂಡಪ್ಪಣ್ಣನಿಗೆ. ಯಾರನ್ನು ಮೆಡಿಕಲ್ಲಿಗೆ ಕಳಿಸುವುದೆಂದು ಬರೆಯುವುದು ಅವರೇ ಅಂತೆ. ಎರಡು, ಲತೇಶ್ ಹೇಳಿದರು, ಭಾವನಿಗೆ ಗೊತ್ತಿತ್ತು ಎಂದು. ಹೌದಾ? ನಿನಗೆ?

ವಿನಿತಾ

*

ಗುಫೂಲ್
28 ಫೆಬ್ರವರಿ 1998

ವಿನ್ನಿ,

ನಿನ್ನ ಪ್ರಶ್ನೆಗೆ ಮೊದಲು ಉತ್ತರ ಬರೆಯುತ್ತೇನೆ, ಇಲ್ಲದಿದ್ದರೆ ಪೆನ್ನು ಬೇರೆ ಕಡೆ ಓಡುತ್ತದೆ. ಹೌದು. ಭಾವನಿಗೆ ಗೊತ್ತಿತ್ತು. ನನಗೆ ನಿಶ್ಚಿತಾರ್ಥ ಮುಗಿದ ಮೇಲೆ ಹೇಳಿದರು. “ಹುಡುಗ ಚಿನ್ನದಂಥವನು, ಕುಡಿಯುದಿಲ್ಲ, ಸೇದುದಿಲ್ಲ. ಫರ್ನೇಸಿನಲ್ಲಿ ಕೆಮ್ಮು ಯಾರಿಗಿಲ್ಲ?” ಎಂದರು. ನಾನು ನಿನಗೆ ಬರೆಯಬಹುದಿತ್ತು. ಬರೆಯಲಿಲ್ಲ. ಹನ್ನೊಂದು ವರ್ಷದಿಂದ ಇಲ್ಲಿ ನನ್ನವರೆಂದು ಯಾರೂ ಇಲ್ಲದೆ ಇದ್ದೇನೆ. ತಂಗಿ ಹತ್ತು ನಿಮಿಷದ ದಾರಿಯಲ್ಲಿ ಇರುತ್ತಾಳೆ ಎಂಬ ಆಸೆ ಬಾಯಿ ಕಟ್ಟಿತು. ನೀನು ಬಯ್ಯುವುದಾದರೆ ಬಯ್ಯಿ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು.

ನೀನು ಬಹರೈನಿನಲ್ಲಿದ್ದ ಮೂರು ವಾರ ಊರಿಂದ ಯಾರಿಗೂ ಕಾಗದ ಬರಲಿಲ್ಲ, ಹಾಗಾಗಿ ನಿನಗೆ ಗೊತ್ತಿಲ್ಲ. ಇಲ್ಲಿ ಕಾಗದ ಒಬ್ಬರದ್ದಲ್ಲ. ಶುಕ್ರವಾರ ರಜೆ, ಊಟವಾದ ಮೇಲೆ ಎಲ್ಲರೂ ನಮ್ಮ ಹಾಲಿಗೆ ಬರುತ್ತಾರೆ, ಆ ವಾರ ಬಂದ ಕಾಗದವನ್ನು ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಒಂಟಿ ಗಂಡಸರು ಎಷ್ಟೋ ಜನ. ಒಂದು ಮನೆಯ ಸುದ್ದಿ ಎಲ್ಲರಿಗೂ ಊರಿನ ಸುದ್ದಿ. ನಿನ್ನ ಮೊದಲನೆಯ ಕಾಗದವನ್ನು ನಾನೇ ಓದಿದೆ. ಹದಿಮೂರು ಜನ ಇದ್ದರು. ನೀನು ಅಷ್ಟು ಚೆನ್ನಾಗಿ ಬರೆದಿದ್ದೆ, ಓದದಿರಲು ಮನಸ್ಸಾಗಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂಡಪ್ಪಣ್ಣ ಒಬ್ಬರು ನಗಲಿಲ್ಲ. “ಜಯಾ, ಆ ಮೇಣದಬತ್ತಿಯದ್ದು ಇನ್ನೊಮ್ಮೆ ಓದು” ಎಂದರು. ನಾನು ಪೆದ್ದಿ, ಇನ್ನೂ ರಾಗ ಎಳೆದು ಓದಿದೆ. ಭಾವನ ಮುಖ ನೋಡಿದ ಮೇಲೆ ನನಗೆ ಹೊಳೆದದ್ದು.

ನಿನ್ನ ಎರಡನೆಯ ಕಾಗದ ಕಳೆದ ಶನಿವಾರ, ಮೂರನೆಯದು ಮೊನ್ನೆ ಗುರುವಾರ ಬಂತು. ನಿನ್ನೆ ಎಲ್ಲರೂ ಬಂದು ಕೂತರು. “ಎಲ್ಲಿ, ಹನಿಮೂನಿನ ಮುಂದಿನ ಭಾಗ?” ಎಂದು ಪೌಲಿನ್ ಬಾಯಿ. ಭಾವ, “ಬರ್ಲಿಲ್ಲ” ಎಂದರು. ಮುಂಡಪ್ಪಣ್ಣ ಚಹಾ ಕೆಳಗಿಟ್ಟು, “ಎರಡು ಬಂದಿದೆಯಲ್ಲ ಲೀಲಾಧರ. ಪೋಸ್ಟ್ ಬಾಕ್ಸಿನ ಕಟ್ಟು ಬಿಚ್ಚಿದ್ದು ನಾನೇ” ಎಂದರು.

ಎಲ್ಲರೂ ಹೋದ ಮೇಲೆ ಮುಂಡಪ್ಪಣ್ಣ ಉಳಿದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. “ನನಗೆ ಗೊತ್ತಿಲ್ಲದಿದ್ರೆ ಬೇರೆ ಮಾತು. ಈಗ ಹದಿಮೂರು ಜನರ ಎದುರು ಕೇಳಿಯಾಯ್ತು. ನಾಳೆ ಅವ ಫರ್ನೇಸಿನ ಎದುರು ಬಿದ್ರೆ ಕಂಪನಿಯ ಮುದೀರ್ ಕುತ್ತಿಗೆ ಹಿಡಿಯುದು ನನ್ನದು. ಒಂದು ಕೆಲಸ ಮಾಡು ಜಯಾ. ನಿನ್ನ ತಂಗಿಯತ್ರ ಒಂದು ಕಾಗದ ಬರೆಸು. ಮೇಣದಬತ್ತಿ ಎಲ್ಲ ತಮಾಷೆ, ಲತೇಶ ಗುಡ್ಡವನ್ನು ಓಡಿಕೊಂಡೇ ಹತ್ತಿದ ಅಂತ. ಶುಕ್ರವಾರ ಎಲ್ಲರ ಎದುರು ಓದು. ನಾನು ನಂಬ್ತೇನೆ. ಮೆಡಿಕಲಿಗೂ ಈ ವರ್ಷ ಅವನ ಹೆಸರು ಬರೆಯುದಿಲ್ಲ.”

ಭಾವ ಬರೆಸು ಎನ್ನುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೇನೆ, ವಿನ್ನಿ. ನಿನಗೆ ಕಷ್ಟವಿಲ್ಲ, ಆ ಮೊದಲನೆಯ ಕಾಗದದ ಹಾಗೆ ಎರಡು ಪುಟ. ಮಾರ್ಚ್ ಹದಿಮೂರರ ಶುಕ್ರವಾರಕ್ಕೆ ಮುಟ್ಟುವ ಹಾಗೆ ಹಾಕು.

ಅಕ್ಕ

*

ಲೋಶಿನ್
6 ಮಾರ್ಚ್ 1998

ಅಕ್ಕಾ,

ನಿನ್ನನ್ನು ಬಯ್ಯಲು ಎರಡು ದಿನ ಸಿದ್ಧತೆ ಮಾಡಿದೆ. ಆಗಲಿಲ್ಲ. ಬಹರೈನಿಗೆ ಬಂದ ಮೇಲೆ ಎದುರಿಗೇ ಬಯ್ಯುತ್ತೇನೆ.

ನೀನು ಹೇಳಿದ ಕಾಗದ ಬರೆದೆ. ಎರಡಲ್ಲ, ನಾಲ್ಕು ಪುಟ. ಲತೇಶ್ ಗುಡ್ಡ ಓಡಿ ಹತ್ತಿದರು, ಇಗರ್ಜಿಯ ಗಂಟೆ ಬಾರಿಸಿದರು, ಇಳಿಯುವಾಗ ನನ್ನನ್ನು ಹೊತ್ತುಕೊಂಡು ಇಳಿದರು, ಕೆಳಗಿದ್ದ ಅಜ್ಜಂದಿರು ಕೆಮ್ಮುವುದನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ತುಂಬಾ ಚೆನ್ನಾಗಿತ್ತು ಅಕ್ಕಾ, ನೀನು ರಾಗ ಎಳೆದು ಓದುತ್ತಿದ್ದೆ.

ಅದನ್ನು ಮೂರನೆಯ ಬೆಂಚಿನಲ್ಲಿ ಕೂತು ಲತೇಶ್‌ಗೆ ಓದಿ ಹೇಳಿದೆ. ಅಜ್ಜಂದಿರ ಚಪ್ಪಾಳೆ ಬಂದಾಗ ಅವರು ನಕ್ಕರು. ಈ ಊರಿಗೆ ಬಂದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಪಂಪ್ ಎರಡು ಸಲ ಹೊಡೆಯಬೇಕಾಯಿತು. ನಾಲ್ಕು ವಾರ ಈ ಗಾಳಿ ಕುಡಿದ ಮೇಲೂ ಒಂದು ತಮಾಷೆಯನ್ನು ಪೂರ್ತಿ ನಗುವಷ್ಟು ಉಸಿರು ಇಲ್ಲ ಅವರಲ್ಲಿ. ನಾಲ್ಕೂ ಪುಟ ಹರಿದುಹಾಕಿದೆ.

“ನಿಜ ಬರೆದ್ರೆ ಖಲಾಸ್ ವಿನ್ನೀ. ಕೆಲಸ, ವೀಸಾ, ಫ್ಲಾಟ್, ಎಲ್ಲ ಖಲಾಸ್” ಎಂದರು.

“ಬರೆಯದಿದ್ರೆ?”

ಆ ದಿನ ಅವರು ಕೇಳಿದ್ದಕ್ಕೆ ನಾನು ಆಗ ಉತ್ತರ ಹೇಳಿದೆ. ಮದುವೆ ಆಗುತ್ತಿದ್ದೆ, ಫರ್ನೇಸಿಗೆ ಮಾತ್ರ ಬಿಡುತ್ತಿರಲಿಲ್ಲ ಎಂದು. ಈ ಕಾಗದವನ್ನು ಅವರು ಓದಿದ್ದಾರೆ. ಸ್ಟ್ಯಾಂಪ್ ಅಂಟಿಸಿದ್ದು ಅವರೇ.

ಇಲ್ಲಿಂದ ಮುಂದಿನದ್ದನ್ನು ಶುಕ್ರವಾರ ಗಟ್ಟಿಯಾಗಿ ಓದು. ಒಂದು ಸಾಲೂ ಬಿಡಬೇಡ.

ಮುಂಡಪ್ಪಣ್ಣ, ಭಾವ, ಪೌಲಿನ್ ಬಾಯಿ ಮತ್ತು ಎಲ್ಲರಿಗೂ ನಮಸ್ಕಾರ. ನನ್ನ ಮೊದಲನೆಯ ಕಾಗದ ಕೇಳಿ ನೀವು ನಕ್ಕದ್ದು ಸಂತೋಷ, ನಾನೂ ನಗುತ್ತಲೇ ಬರೆದದ್ದು. ಅದರಲ್ಲಿ ಒಂದು ತಪ್ಪಿತ್ತು. ಮೇಣದಬತ್ತಿ ಮದುಮಗನ ಕ್ರಮವಲ್ಲ, ಎದೆ ಕೆಟ್ಟವರ ವ್ಯಾಯಾಮ. ಲತೇಶ್‌ಗೆ ಮೂರು ವರ್ಷದಿಂದ ಆಸ್ತಮಾ ಇದೆ. ಗುಡ್ಡ ಹತ್ತಲಿಲ್ಲ, ಎಪ್ಪತ್ತೊಂದನೆಯ ಮೆಟ್ಟಿಲಿನಲ್ಲಿ ಕೂತರು. ಮುಂಡಪ್ಪಣ್ಣ, ದಯವಿಟ್ಟು ಹದಿನೆಂಟಕ್ಕೆ ಅವರ ಹೆಸರು ಬರೆಯಿರಿ. ಬೇರೆ ಕೆಲಸ ಸಿಕ್ಕಿದರೆ ಮಾಡುತ್ತಾರೆ, ಸಿಗದಿದ್ದರೆ ನಾವು ಹೋಗುತ್ತೇವೆ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಎಲ್ಲಿಯಾದರೂ ಮಕ್ಕಳಿಗೆ ಇಂಗ್ಲಿಷ್ ಕಲಿಸಬಲ್ಲೆ.

ಕೊನೆಗೆ ಒಂದು ಬೇಡಿಕೆ. ಅಕ್ಕಾ, ಇದನ್ನು ಓದಿಯಾದ ಮೇಲೆ ಮೇಜಿನ ಮೇಲೆ ಒಂದು ಮೇಣದಬತ್ತಿ ಹಚ್ಚು. ಫರ್ನೇಸಿನಲ್ಲಿ ಕೆಲಸ ಮಾಡುವವರೆಲ್ಲ ಒಬ್ಬೊಬ್ಬರಾಗಿ ಒಂದು ಗೇಣು ದೂರ ಕೂತು ಊದಲಿ. ಆರದ ಹಾಗೆ. ಯಾರೂ ನಗುವುದು ಬೇಡ.

ವಿನಿತಾ

*

ಫ್ಯಾಕ್ಸ್: ಲೋಶಿನ್ ಪೋಸ್ಟಾಫೀಸು, ನೆಲ್ಲಿಯವರ ಮನೆಯಲ್ಲಿರುವ ವಿನಿತಾಗೆ
ಬಹರೈನ್, 14 ಮಾರ್ಚ್ 1998, ಬೆಳಿಗ್ಗೆ

ವಿನ್ನಿ,

ಅಂಗಡಿಯವನು ಒಂದೇ ಹಾಳೆ ಎಂದಿದ್ದಾನೆ. ನೀವು ಹೊರಡುವ ಮೊದಲು ಸಿಗಲಿ ಎಂದು ಕಳಿಸುತ್ತಿದ್ದೇನೆ.

ಓದಿದೆ. ಭಾವ ಅರ್ಧದಲ್ಲಿ “ಸಾಕು” ಎಂದರು, ನಿಲ್ಲಿಸಲಿಲ್ಲ. ಒಂದು ಸಾಲೂ ಬಿಡಲಿಲ್ಲ. ಆಮೇಲೆ ಮೇಣದಬತ್ತಿ ಹಚ್ಚಿದೆ. ಯಾರೂ ಏಳಲಿಲ್ಲ. ಕೊನೆಗೆ ಭಾವ ಹೋಗಿ ಕೂತು ಊದಿದರು. ಆರಿತು. ಅವರ ನಂತರ ಆರು ಜನ ಊದಿದರು. ಆರೂ ಸಲ ಆರಿತು. ಪ್ರತಿ ಸಲವೂ ನಾನೇ ಹಚ್ಚಿದೆ. ಹೊಸಬರಿಗೆ ಅದು ಆರುತ್ತದೆ, ಎರಡು ಮೂರು ವಾರ ಅಭ್ಯಾಸ ಬೇಕು ಎಂದು ನೀನೇ ಬರೆದಿದ್ದೆಯಲ್ಲ.

ಮುಂಡಪ್ಪಣ್ಣ ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡಿದ್ದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ತಿರುಗಿ ಬಂದು, ಚಪ್ಪಲಿ ಬಿಚ್ಚಿ, ಮೇಜಿನ ಎದುರು ಕೂತರು. ಗೇಣು ಅಳೆಯಲಿಲ್ಲ, ಕುರ್ಚಿಯನ್ನು ಸರಿಯಾದ ದೂರಕ್ಕೇ ಎಳೆದುಕೊಂಡರು. ತುಟಿ ಸಣ್ಣ ಮಾಡಿ ಊದಿದರು.

ಜ್ವಾಲೆ ಬಾಗಿತು. ನಾನು ಮನಸ್ಸಿನಲ್ಲಿ ಎಣಿಸಿದೆ, ಐದು. ಉಸಿರು ಮುಗಿಯಿತು. ಜ್ವಾಲೆ ಮತ್ತೆ ನೇರ ನಿಂತಿತು.

ಆರಲಿಲ್ಲ, ವಿನ್ನಿ.

ಹಾಲಿನಲ್ಲಿ ಎಲ್ಲರಿಗೂ ಅರ್ಥವಾಯಿತು. ಅವರು ಯಾರ ಮುಖವನ್ನೂ ನೋಡಲಿಲ್ಲ. “ಬುಧವಾರದ ಪಟ್ಟಿಯಲ್ಲಿ ಎರಡು ಹೆಸರು ಬರೀತೇನೆ” ಎಂದು ಹೇಳಿ ಹೋದರು.

ಮುಂದೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಏರ್‌ಪೋರ್ಟಿಗೆ ನಾನು, ಭಾವ ಇಬ್ಬರೂ ಬರುತ್ತೇವೆ. ಮೆಟ್ಟಿಲಿರುವ ಕಡೆ ಲತೇಶ್ ಪೆಟ್ಟಿಗೆ ಎತ್ತುವುದು ಬೇಡ. ನೀನು ಎತ್ತು.

ಅಕ್ಕ